ಹಳೆಯ ಗಣಕವನ್ನು ಎಬ್ಬಿಸುವ ಕಾರ್ಡು



ದೀಪಾವಳಿ ಹತ್ತಿರ ಬಂದಿತೆಂದರೆ ಪುಣೆಯ ಮನೆಮನೆಗಳಲ್ಲಿ ಅಟ್ಟ ಝಾಡಿಸುವ ಸಂಭ್ರಮ. ಅಟ್ಟವೆಂದರೆ ಇಲ್ಲಿಯವರ ಮಾತಿನಲ್ಲಿ ಮಾಳಾ. ತಾಮ್ರದ ಹಂಡೆ, ತೊಟ್ಟಿಲು, ಮುರಿದ ಹಾರ್ಮೋನಿಯಂ ಇವುಗಳ ಸಾಲಿಗೆ ಈಚಿನ ವರ್ಷಗಳಲ್ಲಿ ಇನ್ನೊಂದು ವಸ್ತು ಬಂದು ಸೇರಿದೆ: ಹಳೆಯ ಗಣಕಯಂತ್ರ. ಹಂಡೆಯನ್ನು ಬೆಳಗಿದರೆ ಹೊಳೆಯುತ್ತದೆ, ತೊಟ್ಟಿಲಿಗೆ ಮೊಮ್ಮಗು ಬರುತ್ತದೆ; ಆದರೆ ಈ ಯಂತ್ರವನ್ನು ಏನು ಮಾಡಬೇಕೆಂಬುದು ಯಾರಿಗೂ ಗೊತ್ತಿಲ್ಲ. ಬೀದಿಯಲ್ಲಿ ಭಂಗಾರದವನು ಕೂಗುತ್ತ ಬರುತ್ತಾನೆ. ತೂಕಕ್ಕೆ ಹಾಕಿ ಒಯ್ಯುತ್ತಾನೆ. ಅದರ ಹೊಟ್ಟೆಯಲ್ಲಿ ಏನಿತ್ತೆಂದು ಆಮೇಲೆ ನೆನಪಾಗುತ್ತದೆ.

ನಮ್ಮ ಈ ಅಂಕಣಕ್ಕೆ ಬಂದ ಪ್ರಶ್ನೆಗಳಲ್ಲಿ ಈ ಸಲ ಒಂದನ್ನೇ ಎತ್ತಿಕೊಂಡಿದ್ದೇವೆ. “ಎದ್ದೇಳದ ಹಳೆಯ ಗಣಕವನ್ನು ಕ್ಯಾಮರಾದ ಮೆಮರಿ ಕಾರ್ಡಿನಿಂದ ಎಬ್ಬಿಸಬಹುದಂತೆ, ಕಾರ್ಡನ್ನು ಬೂಟ್ ಮಾಡುವಂತೆ ಸಿದ್ಧಗೊಳಿಸಬೇಕಂತೆ, ನಿಜವೇ?” ನಿಜ. ಆದರೆ ಹೇಗೆ ಎಂದು ಹೇಳುವ ಮೊದಲು ‘ಬೂಟ್’ ಎಂದರೇನೆಂದು ಹೇಳಿಬಿಡುವುದು ಒಳ್ಳೆಯದು. ಪಾದರಕ್ಷೆಯ ಬೂಟಿಗೂ ಇದಕ್ಕೂ ಸಂಬಂಧ ಇಲ್ಲವೆನ್ನುವಂತಿಲ್ಲ. ತಾನು ತೊಟ್ಟ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲೇಳುವವನ ಚಿತ್ರದಿಂದ ಆ ಹೆಸರು ಹುಟ್ಟಿತು. ಗಣಕವೂ ಹಾಗೆಯೇ ತನ್ನನ್ನು ತಾನೇ ಎಬ್ಬಿಸಿಕೊಳ್ಳಬೇಕು.

ನಾವು ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವವರು; ಆದುದರಿಂದ ನಮ್ಮ ಉಪಮೆಗಳೂ ಕಚೇರಿಯವೇ. ಸಾಹೇಬರು ಬಂದು ಕುರ್ಚಿಯಲ್ಲಿ ಕುಳಿತಾಗ ಕಚೇರಿ ಆರಂಭವಾಯಿತೆಂದು ಹೊರಗಿನವರು ತಿಳಿಯುತ್ತಾರೆ. ಅದಕ್ಕೆ ಒಂದು ಗಂಟೆ ಮೊದಲೇ ಕಾವಲುಗಾರನು ಸಿಪಾಯಿಗೆ ಬಾಗಿಲು ತೋರಿಸಿರುತ್ತಾನೆ. ಸಿಪಾಯಿಯು ಬೀಗ ತೆಗೆದು ಹೆಡ್‌ಕ್ಲಾರ್ಕರ ಕಪಾಟಿನ ಕೀಲಿಕೈ ಹೊರಗಿಟ್ಟಿರುತ್ತಾನೆ. ಹೆಡ್‌ಕ್ಲಾರ್ಕರು ಬಂದು ಕಡತಗಳನ್ನು ಹರವಿದ ಮೇಲೆಯೇ ಸಾಹೇಬರ ಕೆಲಸ. ಗಣಕದಲ್ಲಿ ಆ ಕಾವಲುಗಾರನ ಹೆಸರು ಬಯಾಸ್. ಅದು ಯಂತ್ರದ ಹಲಗೆಯ ಮೇಲಿನ ಚಿಪ್ಪಿನಲ್ಲಿಯೇ ಇರುತ್ತದೆ. ವಿದ್ಯುತ್ತು ಬಂದೊಡನೆ ಎಚ್ಚತ್ತು, ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದುತ್ತದೆ. ಅದರಲ್ಲಿ 446 ಬೈಟು ಎಬ್ಬಿಸುವ ಆದೇಶಕ್ಕೆ, 64 ಬೈಟು ಡಿಸ್ಕಿನ ಭಾಗಗಳ ಪಟ್ಟಿಗೆ, ಕೊನೆಯ 2 ಬೈಟು ಮುದ್ರೆಗೆ. ಆ ಮುದ್ರೆ 55, ಎಎ ಎಂಬ ಎರಡು ಸಂಕೇತಗಳು. ಮುದ್ರೆ ಇಲ್ಲದ ಕಾಗದವನ್ನು ನಮ್ಮ ಕಚೇರಿ ಹೇಗೆ ಮುಟ್ಟುವುದಿಲ್ಲವೋ ಹಾಗೆ ಅದಿಲ್ಲದ ಡಿಸ್ಕನ್ನು ಬಯಾಸ್ ಎಬ್ಬಿಸುವುದಿಲ್ಲ. ಮುದ್ರೆ ಇದ್ದರೆ ಅಲ್ಲಿಂದ ಆದೇಶವು ಪಟ್ಟಿಯಲ್ಲಿ ‘ಚಾಲ್ತಿ’ ಎಂದು ಗುರುತಾದ ಭಾಗಕ್ಕೆ ಹೋಗಿ ಆಪರೇಟಿಂಗ್ ಸಿಸ್ಟಂ ಎಂಬ ಹೆಡ್‌ಕ್ಲಾರ್ಕರನ್ನು ಕರೆತರುತ್ತದೆ.

ಕಾರ್ಡನ್ನು ಬೂಟ್‌ಗೆ ಸಿದ್ಧಗೊಳಿಸುವುದೆಂದರೆ ಇಷ್ಟೇ: ಆ 512 ಬೈಟುಗಳ ಚೀಟಿ, ಮುದ್ರೆ, ಚಾಲ್ತಿಯ ಗುರುತು, ಆಪರೇಟಿಂಗ್ ಸಿಸ್ಟಮಿನ ಮೂಲ ಕಡತಗಳು ಇವಿಷ್ಟನ್ನೂ ಅವುಗಳ ಜಾಗದಲ್ಲಿಯೇ ಇಡುವುದು. ಕಡತಗಳನ್ನು ಬರಿದೇ ನಕಲು ಮಾಡಿ ಕಾರ್ಡಿಗೆ ಸುರಿದರೆ ಆಗದು. ಹೆಡ್‌ಕ್ಲಾರ್ಕರು ಒಳಗೆ ಕುಳಿತಿದ್ದರೂ ಬೀಗ ತೆಗೆಯುವವನಿಲ್ಲದ ಸ್ಥಿತಿ ಅದು.

ಇದೆಲ್ಲ ಪುಣೆಯ ಕನ್ನಡಿಗರಾದ ನಮಗೇಕೆ ಎಂದು ಕೇಳುವಿರಿ. ಕಾರಣವುಂಟು. ಭಾರತೀಯ ಭಾಷೆಗಳು ಗಣಕದೊಳಗೆ ಕಾಲಿಟ್ಟ ಕಥೆಯಲ್ಲಿ ನಮ್ಮ ಊರಿಗೆ ದೊಡ್ಡ ಪಾಲು ಸಂದಿದೆ. 1988ರಲ್ಲಿ ಇಲ್ಲಿ ಸಿ-ಡ್ಯಾಕ್ ಸಂಸ್ಥೆ ಆರಂಭವಾಯಿತು. ವಿಜಯ ಭಟಕರರ ಮುಂದಾಳುತನದಲ್ಲಿ 1991ರಲ್ಲಿ ‘ಪರಮ್ 8000’ ಎಂಬ ಮಹಾಗಣಕವನ್ನು ಕಟ್ಟಿದ್ದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಅದೇ ಸಂಸ್ಥೆಯ ‘ಜಿಸ್ಟ್’ ಎಂಬ ಕೆಲಸ. ಕಾನ್ಪುರದ ಐ.ಐ.ಟಿ.ಯಲ್ಲಿ ಮೊಳೆತ ಈ ವಿದ್ಯೆ ಪುಣೆಗೆ ಬಂದು ಬೆಳೆಯಿತು. ಡಾಸ್ ಎಂಬ ಆಪರೇಟಿಂಗ್ ಸಿಸ್ಟಂ ಇಂಗ್ಲಿಷೊಂದನ್ನೇ ಬಲ್ಲುದಾಗಿದ್ದ ಕಾಲದಲ್ಲಿ, ಗಣಕದೊಳಗೆ ಜಿಸ್ಟ್ ಕಾರ್ಡೆಂಬ ಒಂದು ಹಲಗೆಯನ್ನು ಸಿಕ್ಕಿಸಿದರೆ ಪರದೆಯ ಮೇಲೆ ಕನ್ನಡ, ಮರಾಠಿ, ತಮಿಳು ಮೂಡುತ್ತಿದ್ದವು. ಪುಣೆಯಲ್ಲಿ ಕೆಲವು ಮನೆಗಳಲ್ಲಾದರೂ ಅಂಥ ಯಂತ್ರಗಳ ಮೇಲೆ ಕನ್ನಡ ಬರೆದವರಿದ್ದರು. ಅವರು ಬರೆದದ್ದು ಈಗ ಮಾಳಾದ ಮೇಲಿದೆ.

ಕೋಥರೂಡದ ಒಂದು ಮನೆಯ ಸಂಗತಿಯನ್ನು ಹೇಳುತ್ತೇವೆ. ಮನೆಯವರ ಒಪ್ಪಿಗೆಯಿಂದ, ಹೆಸರು ಬಿಟ್ಟು. ಆ ಮನೆಯ ಯಜಮಾನರು ವಿಜಾಪುರ ಜಿಲ್ಲೆಯ ಡೋಣಿ ನದಿಯ ದಂಡೆಯವರು. 1958ರಲ್ಲಿ ಪುಣೆಗೆ ಬಂದು ಖಡಕಿಯ ಒಂದು ಕಾರಖಾನೆಯಲ್ಲಿ ಲೆಕ್ಕಪತ್ರದ ಕೆಲಸಕ್ಕೆ ನಿಂತರು. 1961ರ ಜುಲೈ 12ರಂದು ಪಾನಶೇತದ ಅಣೆಕಟ್ಟೆ ಒಡೆದು ಮುಠಾ ನದಿ ಊರೊಳಗೆ ನುಗ್ಗಿದಾಗ, ನದಿಯ ದಂಡೆಯ ಬಾಡಿಗೆಯ ಕೋಣೆಯಲ್ಲಿದ್ದ ಇವರ ಟ್ರಂಕು ಕೊಚ್ಚಿಹೋಯಿತು. ಆ ಟ್ರಂಕಿನಲ್ಲಿ ತಾಯಿ ಹೇಳಿದ್ದ ಬೀಸುವ ಪದಗಳನ್ನು ಬರೆದಿಟ್ಟ ವಹಿ ಇತ್ತು. ಮುಂದೆ ತಾಯಿಯನ್ನು ಪುಣೆಗೆ ಕರೆದುಕೊಂಡು ಬಂದು, ಮತ್ತೆ ಹೇಳಿಸಿಕೊಂಡು ಬರೆದರು. ನಿವೃತ್ತರಾದ ಮೇಲೆ ಒಂದು ಹಳೆಯ 386 ಗಣಕವನ್ನೂ ಜಿಸ್ಟ್ ಕಾರ್ಡನ್ನೂ ಕೊಂಡು, ಎಲ್ಲವನ್ನೂ ಅದರಲ್ಲಿ ತುಂಬಿದರು. ವಹಿಗಳು ಮನೆ ಬದಲಾಯಿಸುವಾಗ ಎಲ್ಲಿಯೋ ಹೋದವು. ಉಳಿದದ್ದು ಬಿಸ್ಕೀಟಿನ ಡಬ್ಬಿಯಲ್ಲಿ ಒಂಬತ್ತು ಫ್ಲಾಪಿ, ಐದೂಕಾಲು ಇಂಚಿನವು. ಯಜಮಾನರು ತೀರಿಕೊಂಡು ಬಹಳ ವರ್ಷಗಳಾದವು.

ಅವರ ಮಗ ಯಂತ್ರವನ್ನು ಒಂದು ಅಂಗಡಿಗೆ ಒಯ್ದು ತೋರಿಸಿದರು. ಅಂಗಡಿಯವನು ಮುಚ್ಚಳವನ್ನೂ ತೆರೆಯದೆ, “ಸಾಹೇಬ್, ಭಂಗಾರಕ್ಕೆ ಹಾಕಿ” ಎಂದನಂತೆ. ಹಾರ್ಡ್ ಡಿಸ್ಕು ಸತ್ತುಹೋಗಿತ್ತು. ಕಟಕಟ ಸದ್ದು ಮಾತ್ರ. ಮೂರೂವರೆ ಇಂಚಿನ ಫ್ಲಾಪಿಗಾದರೆ ಯು.ಎಸ್.ಬಿ. ತಂತಿಯ ಡ್ರೈವು ಈಗಲೂ ಸಿಗುತ್ತದೆ. ಐದೂಕಾಲು ಇಂಚಿನದಕ್ಕೆ ಅಂಥದಿಲ್ಲ. ಅದನ್ನು ಓದಬಲ್ಲ ಡ್ರೈವು ಆ ಹಳೆಯ ಯಂತ್ರದಲ್ಲಿಯೇ ಇತ್ತು. ಎಂದ ಮೇಲೆ ಯಂತ್ರವೇ ಏಳಬೇಕು.

ಇಂಥ ಯಂತ್ರಕ್ಕೆ ಬೇಕಾದ ಕಾರ್ಡು ಫೋನಿನಲ್ಲಿ ಹಾಕುವ ಚಿಕ್ಕ ಕಾರ್ಡಲ್ಲ. ಕಾಂಪ್ಯಾಕ್ಟ್ ಫ್ಲ್ಯಾಶ್ ಎಂಬ ಹಳೆಯ, ತುಸು ದಪ್ಪ ಕಾರ್ಡು. 1994ರಲ್ಲಿ ಬಂದ ಇದನ್ನು ಮದುವೆಯ ಫೋಟೋ ತೆಗೆಯುವವರು ವರ್ಷಗಟ್ಟಲೆ ಬಳಸಿದರು. ಇದರ ಗುಣವೇನೆಂದರೆ, ಹಳೆಯ ಹಾರ್ಡ್ ಡಿಸ್ಕು ಆಡುವ ಐ.ಡಿ.ಇ. ಎಂಬ ಭಾಷೆಯನ್ನೇ ಇದೂ ಆಡುತ್ತದೆ. ನಡುವೆ ದುಭಾಷಿ ಬೇಡ. 50 ಸೂಜಿಗಳನ್ನು 40 ಸೂಜಿಗಳಿಗೆ ಜೋಡಿಸುವ ಅಗ್ಗದ ಅಡಾಪ್ಟರೊಂದಿದ್ದರೆ ಸಾಕು. ಬಯಾಸಿಗೆ ಅದು ಹಾರ್ಡ್ ಡಿಸ್ಕಿನಂತೆಯೇ ಕಾಣುತ್ತದೆ.

ಕಾರ್ಡು ದೊಡ್ಡದಿದ್ದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಅಂದಿನ ಬಯಾಸು 1024 ಸಿಲಿಂಡರು, 16 ಹೆಡ್ಡು, 63 ಸೆಕ್ಟರು ಇವುಗಳಾಚೆ ಎಣಿಸಲಾರದು. ಗುಣಿಸಿ ನೋಡಿದರೆ 528,482,304 ಬೈಟುಗಳು, ಅಂದರೆ ಸುಮಾರು 52 ಕೋಟಿ 84 ಲಕ್ಷ. ಆದುದರಿಂದ ಹಳೆಯ 256 ಮೆಗಾಬೈಟಿನ ಕಾರ್ಡೇ ಅದಕ್ಕೆ ತಕ್ಕ ಊಟ. ಬುಧವಾರ ಪೇಠೆಯ ತಪಕೀರ ಗಲ್ಲಿಯಲ್ಲಿ ಕೇಳುತ್ತ ಹೋದರೆ ಹೊಸದನ್ನೇ ತೋರಿಸುತ್ತಾರೆ. ನಮಗೆ ಬೇಕಾದದ್ದು ಒಬ್ಬ ಫೋಟೋಗ್ರಾಫರರ ಮೇಜಿನ ಖಾನೆಯಲ್ಲಿ ಸಿಕ್ಕಿತು.

ಒಂದು ಭಾನುವಾರ ಬೆಳಗ್ಗೆ ನಾವೂ, ಆ ಮನೆಯ ಮಗನೂ, ಏಳನೆಯ ಇಯತ್ತೆಯಲ್ಲಿ ಓದುವ ಮೊಮ್ಮಗನೂ ಕುಳಿತೆವು. ಅಜ್ಜಿ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡರು.

“ತಮ್ಮಾ, ಇದಕ್ಕ ಬೂಟು ಹಾಕ್ತೀರೆಂತಲ್ಲೋ. ಯಾವಾಗ ಹಾಕ್ತೀರಿ?”

“ಮೊದಲ ಧೂಳಾ ಝಾಡಸ್ತೀವಿ, ಅಜ್ಜಿ.”

ಧೂಳಿಗಿಂತ ಮೊದಲು ನೋಡಬೇಕಾದದ್ದು ಬ್ಯಾಟರಿ. ಆ ಕಾಲದ ಹಲಗೆಗಳ ಮೇಲೆ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿರುತ್ತಿದ್ದರು. ವರ್ಷಗಳು ಕಳೆದಂತೆ ಅದು ಸೋರಿ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಹಸಿರು ಕಿಲುಬು ಕಂಡರೆ ವಿದ್ಯುತ್ತು ಕೊಡುವ ಮುನ್ನವೇ ತಿಳಿದವರಿಂದ ಅದನ್ನು ತೆಗೆಸಬೇಕು. ಈ ಯಂತ್ರದಲ್ಲಿ ಕಿಲುಬು ಬ್ಯಾಟರಿಯ ಬುಡಕ್ಕೇ ನಿಂತಿತ್ತು. ಬ್ಯಾಟರಿ ತೆಗೆಸಿದ್ದರಿಂದ ಯಂತ್ರಕ್ಕೆ ನೆನಪು ನಿಲ್ಲದು. ಪ್ರತಿ ಸಲವೂ ಬಯಾಸಿನ ಪಟ್ಟಿಯಲ್ಲಿ ಡಿಸ್ಕಿನ ಬಗೆ 47 ಎಂದು ಆರಿಸಿ, ಸಿಲಿಂಡರು ಹೆಡ್ಡುಗಳ ಲೆಕ್ಕವನ್ನು ಕೈಯಿಂದಲೇ ತುಂಬಿದೆವು. ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟದ್ದು ಮೊಮ್ಮಗ.

ಡಬ್ಬಿಯಲ್ಲಿ ಒಂಬತ್ತರ ಹೊರತಾಗಿ ಹತ್ತನೆಯದೊಂದು ಫ್ಲಾಪಿ ಇತ್ತು: 1991ರ ಡಾಸ್ 5.0ರದು. ಅದರಿಂದ ಯಂತ್ರ ಎದ್ದಿತು. ಮುಂದಿನದು ಮೂರು ಹೆಜ್ಜೆ. ಎಫ್‌ಡಿಸ್ಕ್ ಎಂಬ ಆದೇಶದಿಂದ ಕಾರ್ಡಿನಲ್ಲಿ ಒಂದು ಪ್ರಧಾನ ಭಾಗ ಮಾಡಿ ಅದನ್ನು ‘ಚಾಲ್ತಿ’ ಎಂದು ಗುರುತಿಸುವುದು. ಅದೇ ಆದೇಶಕ್ಕೆ ಎಂ.ಬಿ.ಆರ್. ಎಂಬ ಬಾಲ ಸೇರಿಸಿ ಮೊದಲಿನ ಚೀಟಿಯನ್ನು ಬರೆಯಿಸುವುದು. ಯಂತ್ರವನ್ನು ಮತ್ತೊಮ್ಮೆ ಆರಂಭಿಸಿ, ಫಾರ್ಮ್ಯಾಟ್ ಆದೇಶಕ್ಕೆ ಎಸ್ ಎಂಬ ಬಾಲ ಸೇರಿಸಿ ಕೊಡುವುದು; ಎಸ್ ಎಂದರೆ ಸಿಸ್ಟಂ. ಆಗ ಡಾಸಿನ ಮೂಲ ಕಡತಗಳು ಕಾರ್ಡಿನಲ್ಲಿ ಕುಳಿತುಕೊಳ್ಳುತ್ತವೆ. ಫ್ಲಾಪಿ ತೆಗೆದು ಯಂತ್ರವನ್ನು ಆರಿಸಿ ಹಚ್ಚಿದೆವು. ಕಟಕಟ ಸದ್ದಿಲ್ಲ. ಕಪ್ಪು ಪರದೆಯ ಮೇಲೆ ಸಿ ಎಂಬ ಅಕ್ಷರ ಮಿಣುಕಿತು. “ಹಚ್ಚಿದ್ರೇನೋ ಬೂಟು?” ಎಂದರು ಅಜ್ಜಿ.

ಇನ್ನು ಒಂಬತ್ತು ಫ್ಲಾಪಿಗಳ ಪಾಳಿ. ಪ್ರತಿಯೊಂದನ್ನೂ ಹಾಕುವ ಮೊದಲು ಬರೆಯದಂತೆ ಅದರ ಅಂಚಿನ ಕಚ್ಚಿಗೆ ಕಾಗದ ಅಂಟಿಸಿದೆವು. ಹಳೆಯದನ್ನು ಓದುವಾಗ ಇದು ಮೊದಲ ನಿಯಮ. ಏಳು ಫ್ಲಾಪಿಗಳು ಪೂರ್ತಿ ಓದಿದವು. ಎರಡರಲ್ಲಿ ಬೂಜು ಹಿಡಿದಿತ್ತು. ಅರೆಬರೆ ಬಂದು ನಿಂತುಬಿಟ್ಟವು. ಅವುಗಳಲ್ಲಿ ಬೀಸುವ ಪದಗಳ ಕೊನೆಯ ಭಾಗವಿತ್ತು.

ಕಾರ್ಡನ್ನು ತೆಗೆದು ಇಂದಿನ ಲ್ಯಾಪ್‌ಟಾಪಿಗೆ ರೀಡರಿನ ಮೂಲಕ ಹಚ್ಚಿದರೆ ಕಡತಗಳೇನೋ ಕಂಡವು; ಆದರೆ ತೆರೆದರೆ ವಿಚಿತ್ರ ಗುರುತುಗಳ ಸಂತೆ. ಇಲ್ಲಿ ಹೆದರಬೇಕಾದದ್ದಿಲ್ಲ. ಜಿಸ್ಟ್ ಬರೆದದ್ದು ‘ಇಸ್ಕಿ’ ಎಂಬ ಸಂಕೇತದಲ್ಲಿ. 1991ರಲ್ಲಿ ಭಾರತೀಯ ಮಾನಕವಾಗಿ ಸ್ಥಿರಪಟ್ಟದ್ದು. ಅದರ ಚಮತ್ಕಾರವೇನೆಂದರೆ, ಕನ್ನಡದ ‘ಕ’, ಮರಾಠಿಯ ‘ಕ’, ತೆಲುಗಿನ ‘ಕ’ ಎಲ್ಲಕ್ಕೂ ಒಂದೇ ಅಂಕೆ, 179. ಲಿಪಿ ಯಾವುದೆಂಬುದು ತೋರಿಸುವವನ ಇಷ್ಟ. ಅದೇ 1991ರಲ್ಲಿ ಹೊರಬಂದ ಯೂನಿಕೋಡ್ ಪ್ರತಿ ಲಿಪಿಗೂ ಬೇರೆ ಬೇರೆ ಅಂಕೆ ಕೊಟ್ಟಿತು. ಆದರೆ ಇಸ್ಕಿಯ ಅನುಕ್ರಮವನ್ನೇ ಇಟ್ಟುಕೊಂಡಿತು. ಹೀಗಾಗಿ ಯೂನಿಕೋಡಿನಲ್ಲಿ ದೇವನಾಗರಿಯ ‘ಕ’ 2325, ಕನ್ನಡದ ‘ಕ’ 3221. ವ್ಯತ್ಯಾಸ 896. ‘ಳ’ ತೆಗೆದುಕೊಳ್ಳಿ, ‘ಮ’ ತೆಗೆದುಕೊಳ್ಳಿ, ವ್ಯತ್ಯಾಸ ಅದೇ 896. ಇಸ್ಕಿಯನ್ನು ಯೂನಿಕೋಡಿಗೆ ತಿರುಗಿಸುವ ತಂತ್ರಾಂಶಗಳು ಪುಕ್ಕಟೆಯಾಗಿ ಸಿಗುತ್ತವೆ. ಸಂಜೆಯೊಳಗೆ ಪರದೆಯ ಮೇಲೆ ಕನ್ನಡ ಮೂಡಿತು.

ಅಜ್ಜಿಗೆ ದೊಡ್ಡ ಅಕ್ಷರದಲ್ಲಿ ತೋರಿಸಿದೆವು. ಅವರು ಓದಲಿಲ್ಲ, ಮೊದಲ ಸಾಲು ನೋಡಿ, ಕಣ್ಣು ಮುಚ್ಚಿ, ಅತ್ತೆಯ ಧಾಟಿಯಲ್ಲಿ ಮೆಲ್ಲಗೆ ಹೇಳತೊಡಗಿದರು. ಮೊಮ್ಮಗ ಪಕ್ಕದಲ್ಲಿ ನಿಂತು ಪರದೆಯನ್ನೂ ಅಜ್ಜಿಯನ್ನೂ ನೋಡುತ್ತಿದ್ದ. ಮನೆಯಲ್ಲಿ ಕನ್ನಡ ಆಡುತ್ತಾನೆ, ಆದರೆ ಕನ್ನಡದ ಅಕ್ಷರ ಬಾರದು, ಶಾಲೆ ಮರಾಠಿಯದು. ಅವನ ತಂದೆ ಹೇಳಿದರು: “ಬರೇ 896 ಕಳದ್ರ ದೇವನಾಗರಿ ಆಗ್ತದಲ್ಲ, ಹಂಗ ಮಾಡಿ ಕೊಡ್ರಿ. ಇಂವಾನೂ ಓದ್ತಾನ, ಮುಂಬಯಿಯ ಅಣ್ಣನ ಮಕ್ಕಳೂ ಓದ್ತಾರ. ಕನ್ನಡ ಲಿಪೀಲೇ ಇಟ್ರ ಅಮ್ಮನ ಹಿಂದ ಯಾರೂ ತೆರ್ಯೂದಿಲ್ಲ.”

“ಅಕ್ಷರ ಬದಲಾದ್ರ ಮಾತು ಬದಲಾಗೂದಿಲ್ಲ, ಖರೆ,” ಎಂದರು ಅಜ್ಜಿ. “ಆದ್ರ ನಿಮ್ಮಪ್ಪ ಕಣ್ಣ ಕೆಡಿಸ್ಕೊಂಡು ಬರದದ್ದು ಈ ಅಕ್ಷರಾನ ಅಲ್ಲೇನು?”

ವಾಚಕರೇ, ಇದು ಒಂದು ಮನೆಯ ವಾದವಲ್ಲ. ಊರು ಬಿಟ್ಟು ಬಂದ ನಮ್ಮೆಲ್ಲರ ಮನೆಗಳಲ್ಲಿಯೂ ಇದು ನಡೆಯುತ್ತದೆ, ಗಣಕವಿರಲಿ ಬಿಡಲಿ. ಲಿಪಿಯನ್ನು ಹಿಡಿದರೆ ಮಕ್ಕಳು ದೂರವಾಗುತ್ತಾರೆ; ಮಕ್ಕಳನ್ನು ಹಿಡಿದರೆ ಲಿಪಿ ಜಾರುತ್ತದೆ. ಎರಡೂ ಬೇಕೆಂಬುದು ನಮ್ಮ ಅಭಿಪ್ರಾಯ, ಮತ್ತು ಇಲ್ಲಿ ಎರಡಕ್ಕೂ ದಾರಿಯಿತ್ತು. ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಅದೇ ಪದ ದೇವನಾಗರಿಯಲ್ಲಿ, ಸಾಲಿಗೆ ಸಾಲು ಸರಿಯಾಗಿ ಅಚ್ಚು ಹಾಕಿಸಲು ಹೇಳಿದೆವು. ಮೊದಲು ಹುಡುಗ ಬಲಪುಟ ಓದುತ್ತಾನೆ; ಬರಬರುತ್ತ ಕಣ್ಣು ಎಡಕ್ಕೆ ಹೊರಳುತ್ತದೆ. ಈಗಾಗಲೇ ಒಂದು ಪ್ರಶ್ನೆ ಕೇಳಿದ್ದಾನೆ: ಬಲಪುಟದಲ್ಲಿ ‘ಎ’ ಮತ್ತು ‘ಒ’ಗಳ ಮೇಲೆ ಶಾಲೆಯಲ್ಲಿ ಕಾಣದ ಗುರುತೇಕೆ ಎಂದು. ಮರಾಠಿಗೆ ಹ್ರಸ್ವ ಎ, ಒ ಇಲ್ಲ, ಕನ್ನಡಕ್ಕೆ ಇವೆ, ಅದಕ್ಕೆ ಎಂದು ಅಜ್ಜಿ ಹೇಳಿಕೊಟ್ಟರು. ಅದು ಅವನ ಮೊದಲ ಕನ್ನಡ ವ್ಯಾಕರಣದ ಪಾಠ. ಬೂಜು ಹಿಡಿದ ಎರಡು ಫ್ಲಾಪಿಗಳ ಪದಗಳನ್ನು ಅಜ್ಜಿ ನೆನಪಿದ್ದಷ್ಟು ಹೇಳುತ್ತಿದ್ದಾರೆ. ಹುಡುಗ ಫೋನಿನಲ್ಲಿ ಧ್ವನಿ ಹಿಡಿಯುತ್ತಿದ್ದಾನೆ. ಎಲ್ಲವೂ ಬಂದಿಲ್ಲ. ಎಲ್ಲವೂ ಬರುವುದಿಲ್ಲ.

ನಿಮ್ಮ ಮನೆಯ ಯಂತ್ರ ಅಷ್ಟು ಹಳೆಯದಲ್ಲದಿದ್ದರೆ ಕೆಲಸ ಸುಲಭ. 2005ರ ಸುಮಾರಿನಿಂದ ಬಂದ ಬಹಳಷ್ಟು ಗಣಕಗಳು ಯು.ಎಸ್.ಬಿ.ಯಿಂದ ಏಳಬಲ್ಲವು. ಸಾಮಾನ್ಯ ಎಸ್.ಡಿ. ಕಾರ್ಡನ್ನು ಯು.ಎಸ್.ಬಿ. ರೀಡರಿನಲ್ಲಿಟ್ಟು, ಹೊಸ ಗಣಕದಲ್ಲಿ ‘ರೂಫಸ್’ ಎಂಬ ಪುಕ್ಕಟೆ ತಂತ್ರಾಂಶ ತೆರೆದು, ‘ಫ್ರೀಡಾಸ್’ ಆರಿಸಿ, ಆರಂಭಿಸು ಎಂದರೆ ಮುಗಿಯಿತು. ಕಾರ್ಡಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ, ಮೊಮ್ಮಗುವಿನ ಬಾರಸೆಯ ಫೋಟೋಗಳಿದ್ದರೆ ಮೊದಲೇ ತೆಗೆದಿಡಿ. ಹಳೆಯ ಯಂತ್ರದ ಬಯಾಸಿನಲ್ಲಿ ಯು.ಎಸ್.ಬಿ.ಗೆ ಮೊದಲ ಸ್ಥಾನ ಕೊಡಿ. ಫ್ರೀಡಾಸ್ ಎಂಬುದು 1994ರಲ್ಲಿ ಜಿಮ್ ಹಾಲ್ ಆರಂಭಿಸಿದ, ಯಾರೂ ಹಣ ಕೊಡಬೇಕಾಗಿಲ್ಲದ ಡಾಸ್. ಲ್ಯಾಪ್‌ಟಾಪಿನ ಪಕ್ಕದ ಕಾರ್ಡಿನ ಕಿಂಡಿಯಿಂದಲೇ ಎಬ್ಬಿಸಲು ಹೋಗಬೇಡಿ. ಬಹಳಷ್ಟು ಬಯಾಸುಗಳು ಆ ಕಿಂಡಿಯತ್ತ ನೋಡುವುದೇ ಇಲ್ಲ.

ಎಕ್ಸ್‌ಪಿ ಇದ್ದ ಯಂತ್ರಗಳ ಡಿಸ್ಕು ಹೆಚ್ಚಾಗಿ ಎನ್.ಟಿ.ಎಫ್.ಎಸ್. ಎಂಬ ಪದ್ಧತಿಯದು, ಡಾಸಿನ ಕಣ್ಣಿಗೆ ಅದು ಕಾಣದು. ಅದಕ್ಕೆ ಕಾರ್ಡಿನಲ್ಲಿ ಲಿನಕ್ಸ್ ಹಾಕಿ ಎಬ್ಬಿಸಿ, ಕಡತಗಳನ್ನು ನಕಲು ಮಾಡಿಕೊಳ್ಳಿ. ಅದರಲ್ಲಿ ಬರಹ, ನುಡಿಗಳ ಹಳೆಯ ಅಕ್ಷರಗಳಲ್ಲಿ ಬರೆದದ್ದಿದ್ದರೆ ಅದನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳೂ ಇವೆ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದೇ ತಯಾರಕರ ಬೆಂಬಲ ನಿಂತಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ಅಂಥ ಯಂತ್ರವನ್ನು ಎಬ್ಬಿಸಿದರೂ ಇಂಟರ್‌ನೆಟ್ಟಿಗೆ ಜೋಡಿಸದೆ ಕೆಲಸ ಮುಗಿಸುವುದು ಕ್ಷೇಮ. ಹೊಚ್ಚ ಹೊಸ ಗಣಕಗಳಲ್ಲಿ ಹಳೆಯ ಬಯಾಸ್ ಇಲ್ಲವಾಗಿ ಯು.ಇ.ಎಫ್.ಐ. ಬಂದಿದೆ, ಅಲ್ಲಿ ಡಾಸ್ ಏಳದು. ಡಾಸ್‌ಬಾಕ್ಸ್ ಎಂಬ ತಂತ್ರಾಂಶದೊಳಗೆ ಹಳೆಯ ಕಾರ್ಯಕ್ರಮಗಳನ್ನು ನಡೆಸಬಹುದು.

ಕಡೆಯದಾಗಿ, ಎಬ್ಬಿಸಿದ ಮೇಲೆ ಮತ್ತೆ ಮಲಗಿಸಬೇಡಿ. ಕಡತಗಳನ್ನು ಯೂನಿಕೋಡಿಗೆ ತಿರುಗಿಸಿ, ಮೂರು ಪ್ರತಿ ಮಾಡಿ: ಒಂದು ಮನೆಯಲ್ಲಿ, ಒಂದು ಬೇರೆ ಊರಿನ ಬಂಧುಗಳಲ್ಲಿ, ಒಂದು ಕಾಗದದ ಮೇಲೆ. ಮೆಮರಿ ಕಾರ್ಡನ್ನೇ ಕಾಯಂ ಕಪಾಟೆಂದು ನಂಬಬೇಡಿ. ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಇಟ್ಟರೆ ಅದರ ನೆನಪೂ ಮಾಸುತ್ತದೆ. ಹಳೆಯ ಮೂಲ ಕಡತವನ್ನೂ ಜೊತೆಗಿಡಿ. ತಿರುಗಿಸುವಾಗ ಅಕ್ಷರವೊಂದು ತಪ್ಪಿದ್ದರೆ ಮುಂದಿನವರು ಸರಿಪಡಿಸಬಹುದು.

ಈ ದೀಪಾವಳಿಗೆ ಮಾಳಾ ಝಾಡಿಸುವಾಗ ಫ್ಲಾಪಿಯ ಡಬ್ಬಿಯೋ ಹಳೆಯ ಹಾರ್ಡ್ ಡಿಸ್ಕೋ ಸಿಕ್ಕರೆ ಭಂಗಾರದವನಿಗೆ ಕೊಡುವ ಮುನ್ನ ಮೇಲಿನ ಚೀಟಿಯನ್ನು ಓದಿ. ಕನ್ನಡ ಎಂಬ ಮಾತೇನಾದರೂ ಕಂಡರೆ ಈ ಅಂಕಣಕ್ಕೆ ಒಂದು ಸಾಲು ಬರೆಯಿರಿ. ಆ 256 ಮೆಗಾಬೈಟಿನ ಕಾರ್ಡೂ ಅಡಾಪ್ಟರೂ ಈಗ ನಮ್ಮಲ್ಲಿವೆ, ಭಾನುವಾರಗಳೂ ಇವೆ.